ಕೆಲಸ ಬಿಡುವ ಮುಂಚೆ ಹೆಲ್ತ್ ಇನ್ಶೂರೆನ್ಸ್ ನೋಡಿಕೊಳ್ಳಿ

ನೋಟಿಸ್ ಪೀರಿಯಡ್‌ನಲ್ಲಿ ಇರುವವರು ದಯವಿಟ್ಟು ಇದನ್ನು ಓದಿ. ಕಂಪನಿ ಕೊಡುವ ಗ್ರೂಪ್ ಇನ್ಶೂರೆನ್ಸ್ ಸಾಮಾನ್ಯವಾಗಿ ನಿಮ್ಮ ಕೊನೆಯ ಕೆಲಸದ ದಿನಕ್ಕೇ ನಿಂತುಹೋಗುತ್ತದೆ. ಕಾರ್ಡ್ ಮೇಲೆ ಮಾರ್ಚ್‌ವರೆಗೆ ಅಂತ ಇರಬಹುದು. ಅದು ಕಂಪನಿಯ ಪಾಲಿಸಿ ಮುಗಿಯುವ ತಾರೀಖು, ನಿಮ್ಮದಲ್ಲ. ನಿಮ್ಮ ಜೊತೆ ಮಕ್ಕಳು, ಅಪ್ಪ ಅಮ್ಮನ ಕವರ್ ಕೂಡ ಹೋಗುತ್ತದೆ.

ನನಗೆ ಹಳೆ ಕೆಲಸಕ್ಕೂ ಹೊಸದಕ್ಕೂ ಮೂರು ವಾರ ಅಂತರ ಇತ್ತು. ಅಪ್ಪನಿಗೆ ಶುಗರ್ ಇದೆ. ಆ ಮೂರು ವಾರ ರಾತ್ರಿ ಫೋನ್ ಬಂದರೆ ಎದೆ ಧಸಕ್ ಅನ್ನುತ್ತಿತ್ತು.

ಆಮೇಲೆ ಗೊತ್ತಾಗಿದ್ದು, ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ) ನಿಯಮದಲ್ಲಿ ಮೈಗ್ರೇಷನ್ ಅಂತ ಇದೆ. ಗ್ರೂಪ್‌ನಿಂದ ಅದೇ ಇನ್ಶೂರೆನ್ಸ್ ಕಂಪನಿಯಲ್ಲಿ ನಿಮ್ಮ ಹೆಸರಿನ ಪಾಲಿಸಿಗೆ ಬದಲಾಗಬಹುದು. ಗ್ರೂಪ್‌ನಲ್ಲಿ ಕಳೆದ ವರ್ಷಗಳು ವೇಟಿಂಗ್ ಪೀರಿಯಡ್ (ಕ್ಲೇಮ್ ಸಿಗುವ ಮುಂಚೆ ಕಾಯಬೇಕಾದ ಅವಧಿ) ಲೆಕ್ಕಕ್ಕೆ ಬರುತ್ತವೆ. ಇದು ದೊಡ್ಡ ವಿಷಯ. ಹೊಸದಾಗಿ ಪಾಲಿಸಿ ಮಾಡಿಸಿದರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಕ್ಲೇಮ್ ಸಿಗುವುದಿಲ್ಲ. ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಮೈಗ್ರೇಷನ್‌ನಲ್ಲೂ ಪ್ರೀಮಿಯಂ ಜಾಸ್ತಿ ಆಗಬಹುದು, ಆರೋಗ್ಯದ ವಿವರವನ್ನೂ ಕೇಳಬಹುದು. ಸುಳ್ಳು ಬರೆಯಬೇಡಿ, ಕ್ಲೇಮ್ ಸಮಯದಲ್ಲಿ ತೊಂದರೆ ಆಗುತ್ತದೆ.

ಆದ್ದರಿಂದ ರಾಜೀನಾಮೆ ಕೊಟ್ಟ ವಾರದಲ್ಲೇ ಎಚ್‌ಆರ್‌ಗೆ ಇಮೇಲ್ ಮಾಡಿ. ಕವರ್ ಯಾವ ದಿನ ನಿಲ್ಲುತ್ತದೆ, ಮೈಗ್ರೇಷನ್‌ಗೆ ಯಾರನ್ನು ಕೇಳಬೇಕು ಅಂತ ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ. ಪಾಲಿಸಿ ನಂಬರ್, ಇ-ಕಾರ್ಡ್ ಆಫೀಸ್ ಲಾಗಿನ್ ಹೋಗುವ ಮುಂಚೆಯೇ ಡೌನ್‌ಲೋಡ್ ಮಾಡಿಕೊಳ್ಳಿ. ಇಎಸ್‌ಐ ಇರುವವರ ಲೆಕ್ಕ ಬೇರೆ, ಅವರು ಹತ್ತಿರದ ಇಎಸ್‌ಐ ಬ್ರಾಂಚ್ ಆಫೀಸ್‌ನಲ್ಲಿ ಕೇಳಿ.