ಬೆಳಿಗ್ಗೆ ಬೆಟ್ಟ, ಹಗಲು ಗಲ್ಲಾ, ರಾತ್ರಿ ಪ್ರಾಕ್ಟೀಸು: ತುಮಕೂರಿಗೆ ಬಂದು ಅಂಗಡಿ ಇಟ್ಟವರಿಗೆ

ಹೊರರಾಜ್ಯದಿಂದ ಬಂದು ಇಲ್ಲಿ ದಿನಸಿಯನ್ನೋ ಹಾರ್ಡ್‌ವೇರನ್ನೋ ಇಟ್ಟುಕೊಂಡವರ ಓಟ, ನಾಟಕದ ಹಾಡು ನಿಂತುಹೋಗುವುದು ಸಮಯ ಸಾಲದೆ ಅಲ್ಲ. ಶಟರ್ ಕೀಲಿ ಒಬ್ಬರ ಜೇಬಿನಲ್ಲೇ ಇರುವುದರಿಂದ. ಮೊದಲು ಎರಡನೇ ಕೀಲಿ ಮಾಡಿಸಿ. ನಂಬಿಕೆಯ ಹುಡುಗನಿಗೆ ಬೆಳಗಿನ ವ್ಯಾಪಾರ ಒಪ್ಪಿಸಿ, ಗಲ್ಲಾದಲ್ಲಿ ಚಿಲ್ಲರೆ ಎಣಿಸಿಡಿ. ಸಾಲದ ಪುಸ್ತಕವನ್ನು ಮಾತ್ರ ಬಿಟ್ಟುಕೊಡಬೇಡಿ; ಪರಿಚಯದವರು ಕೇಳಿದರೆ ಹುಡುಗರಿಗೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ.

ಓಟ ವಾರಕ್ಕೆ 3 ದಿನ ಸಾಕು. 2 ದಿನ ಅಮಾನಿಕೆರೆಯ ಸುತ್ತ, ಮಾತಾಡಿಕೊಂಡೇ ಓಡಬಲ್ಲ ವೇಗದಲ್ಲಿ, 30ರಿಂದ 40 ನಿಮಿಷ. ಮೂರನೆಯ ದಿನ ಸಿದ್ಧಗಂಗೆ ಬೆಟ್ಟದ ಮೆಟ್ಟಿಲು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ: ಇಳಿಜಾರಿನಲ್ಲಿ ತೊಡೆಯೇ ಬ್ರೇಕು, ಅದು ಸೋತರೆ ಭಾರವೆಲ್ಲ ಮಂಡಿಗೆ. ಅದಕ್ಕೇ ಮೊದಲ ತಿಂಗಳು ಓಡಿ ಇಳಿಯಬೇಡಿ. ಹಗಲೆಲ್ಲ ನಿಂತೇ ಇರುವವರ ಮೀನಖಂಡ ಬಿಗಿದಿರುತ್ತದೆ. ಕೌಂಟರ್ ಹಿಡಿದು ತುದಿಗಾಲಲ್ಲಿ 15 ಸಲ ಏಳಿ, ಇಳಿಯಿರಿ. (ಬೆಟ್ಟದಿಂದ ವಾಪಸು ಬರುತ್ತಾ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಪ್ಪಿಸಿಕೊಳ್ಳುವುದು ಕಷ್ಟ, ಎರಡಕ್ಕೇ ನಿಲ್ಲಿಸುವುದು ಇನ್ನೂ ಕಷ್ಟ.)

ಇನ್ನು ನಾಟಕ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು. ಅಂಗಡಿಯವರು, ಮೇಷ್ಟ್ರು, ರೈತರು ಸೇರಿ ಪೌರಾಣಿಕ ನಾಟಕ ಆಡುತ್ತಾರೆ. ಪಾರ್ಟು ದೊಡ್ಡದಾದಷ್ಟೂ ಪಾತ್ರಧಾರಿ ಕೊಡುವ ಹಣವೂ ದೊಡ್ಡದು. ಒಪ್ಪುವ ಮೊದಲು ಸೀನರಿ, ಮೈಕು, ಡ್ರೆಸ್ಸು, ಹಾರ್ಮೋನಿಯಂ ಮಾಸ್ಟರ ಸಂಭಾವನೆ ಅದರಲ್ಲೇ ಸೇರಿದೆಯೇ ಎಂದು ಕೇಳಿ. ಹಣವಿದೆಯೆಂದು ಮೊದಲ ವರ್ಷವೇ ದುರ್ಯೋಧನ ಬೇಡ. ನಾಲ್ಕು ಮಾತು, ಹಾಡಲು ಒಂದು ಕಂದಪದ್ಯವಿರುವ ಪಾರ್ಟು ಹಿಡಿಯಿರಿ.

ನಾಲಿಗೆ ಎಡವುವ ಜಾಗ ಗೊತ್ತಿರಲಿ. ಮಾರವಾಡಿ, ಗುಜರಾತಿ ಮನೆಮಾತಿನವರಿಗೆ ‘ಳ’ ಸಲೀಸು. ಆದರೆ ಹ್ರಸ್ವ ‘ಎ’, ‘ಒ’ ಆ ಭಾಷೆಗಳಲ್ಲಿಲ್ಲ. ‘ಬೆಳೆ’ ‘ಬೇಳೆ’ಯಾಗುತ್ತದೆ, ‘ಕೊಡು’ ‘ಕೋಡು’ ಆಗುತ್ತದೆ. ಅಂಗಡಿಯಲ್ಲಿ ಗಿರಾಕಿ ನಕ್ಕು ಸುಮ್ಮನಾಗಬಹುದು, ಕಂದಪದ್ಯದಲ್ಲಿ ಮಾತ್ರ ಮಾತ್ರೆ ಕೆಟ್ಟು ಛಂದಸ್ಸು ತಪ್ಪುತ್ತದೆ. ಸಾಲುಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಹಿಂದಿ ಅಕ್ಷರದಲ್ಲಿ ಬರೆದಿಟ್ಟುಕೊಂಡರೆ ತಪ್ಪು ಅಲ್ಲಿಯೇ ಕೂತಿರುತ್ತದೆ.

ಭಾರ ಎತ್ತಿದ ಕೂಡಲೇ ಹಾಡಬೇಡಿ, ಉಸಿರು ಬಿಗಿಹಿಡಿದ ಗಂಟಲು ಬೇಗ ಒಡೆಯುತ್ತದೆ. ಜಿಎಸ್‌ಟಿ ರಿಟರ್ನ್ ತಿಂಗಳಿಗೊಮ್ಮೆ ಸಲ್ಲಿಸುವವರು, ಅದರ ಕೊನೆಯ ದಿನಗಳಾದ 11 ಮತ್ತು 20ನೇ ತಾರೀಖಿನ ಹಿಂದಿನ ರಾತ್ರಿ ಪ್ರಾಕ್ಟೀಸಿಗೆ ಬರುವುದಿಲ್ಲವೆಂದು ಮಾಸ್ಟರಿಗೆ ಮೊದಲೇ ಹೇಳಿಡಿ.

ಆಟ ರಾತ್ರಿ ಶುರುವಾದರೆ ಮುಗಿಯುವುದು ಬೆಳಗಿನ ಜಾವಕ್ಕೆ. ಊಟ 3 ಗಂಟೆ ಮುಂಚೆ ಮುಗಿಸಿ. ಹೊಟ್ಟೆ ತುಂಬಿದ್ದರೆ ಉದ್ದದ ಆಲಾಪಕ್ಕೆ ಉಸಿರು ಸಾಲದು. ಕಿರೀಟವನ್ನು ಹಿಂದಿನ ದಿನವೇ ಇಟ್ಟು ನೋಡಿ, ಸಡಿಲವಿದ್ದರೆ ಒಳಗೆ ಬಟ್ಟೆ ಸುತ್ತಿ. ಮಾರನೆಯ ದಿನ ಕೀಲಿ ಹುಡುಗನ ಹತ್ತಿರವೇ ಇರಲಿ. ಗಲ್ಲಾದ ಮುಂದೆ ಕೂರಬೇಡಿ, ನಿದ್ದೆಗಣ್ಣಿನಲ್ಲಿ ಐನೂರರ ನೋಟಿಗೆ ಚಿಲ್ಲರೆ ತಪ್ಪುತ್ತದೆ.