ಕಾಟಾ ಮೇಲೆ ಕೂತ ಗೇರ್ ಆಯಿಲ್

"ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಮ್ಮಾ ಅದು, ನಿನ್ನ ಸಬ್‌ಮರ್ಸಿಬಲ್ ಮೋಟರ್ ಅಲ್ಲ. ಮುಟ್ಟಿದಿ ಅಂದ್ರ ಕೆಡತೈತಿ" ಅಂತ ಹಳೇ ಹುಬ್ಬಳ್ಳಿಯ ಮಿಸ್ತ್ರಿ ಚಾಚಾ ಹೇಳಿ ವರ್ಷದ ಮೇಲಾಯಿತು. ಗೇರ್ ಆಯಿಲ್ ನಾನೇ ಬದಲಿಸುತ್ತೇನೆ ಅಂತ ಮುಟ್ಟಿದೆ. ಕೆಟ್ಟಿತು ಕೂಡ. ಆಮೇಲೆ ನಾನೇ ಸರಿ ಮಾಡಿದೆ. ಅದಾದ ಮೇಲೆ ಗಾಡಿ ಹನ್ನೊಂದು ಸಾವಿರ ಕಿಲೋಮೀಟರ್ ಓಡಿದೆ, ಒಂದು ತೊಟ್ಟು ಸೋರಿಲ್ಲ. ಹಾಗಾಗಿ ಈಗ ಬರೆಯುವ ಧೈರ್ಯ ಬಂದಿದೆ.

ಗಾಡಿ 2022ರ ಟೊಯೋಟಾ ಹೈಲಕ್ಸ್ ಪಿಕಪ್, 2.8 ಲೀಟರ್ ಡೀಸೆಲ್, ಆರು ಗೇರಿನ ಆಟೋಮ್ಯಾಟಿಕ್. ಹೊಸದು ತಗೊಳ್ಳುವ ತಾಕತ್ತು ಮೋಟರ್ ರಿವೈಂಡಿಂಗ್ ಅಂಗಡಿಯವನಿಗೆ ಎಲ್ಲಿಂದ ಬರಬೇಕು? ಒಬ್ಬ ಗುತ್ತಿಗೆದಾರರ ಹತ್ತಿರ 58 ಸಾವಿರ ಓಡಿದ್ದನ್ನು ಸಾಲ ಮಾಡಿ ತಗೊಂಡೆ. ಕುಂದಗೋಳ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಹೊಲಗಳಿಗೆ ಪಂಪು, ಕೇಬಲ್ ಹೊತ್ತು ಹೋಗುವುದು ಅದರ ಕೆಲಸ. ಮಳೆಗಾಲದಲ್ಲಿ ಎರಿ ಮಣ್ಣಿಗೆ ಇಳಿದರೆ ಏನಾಗುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಗಾಲಿ ಹೂತ ಮೇಲೆ ಮುಂದಕ್ಕೆ ಡಿ ಹಾಕು, ಹಿಂದಕ್ಕೆ ಆರ್ ಹಾಕು, ಮತ್ತೆ ಡಿ ಹಾಕು ಅಂತ ಅರ್ಧ ತಾಸು ತೂಗಾಡಿಸಿದ್ದೇನೆ, ಅದೂ ಒಂದೆರಡು ಸಲ ಅಲ್ಲ. ಗೇರ್ ಆಯಿಲ್ ಸುಟ್ಟಿದ್ದು ಕಂಪನಿಯಿಂದಲ್ಲ, ನನ್ನಿಂದ.

76 ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲಿ ನಡುಕ ಶುರುವಾಯಿತು. ಐವತ್ತೈದು ಅರವತ್ತರ ವೇಗದಲ್ಲಿ ಎಕ್ಸಲರೇಟರ್ ಮೇಲೆ ಹಗುರ ಕಾಲಿಟ್ಟು ಹೊರಟರೆ ಎರಡು ಸೆಕೆಂಡ್ ಗರ್ರ್ ಅನ್ನುತ್ತಿತ್ತು, ಟೋಲ್ ನಾಕಾ ಹತ್ತಿರ ರಸ್ತೆಗೆ ಬಳಿದಿರುವ ದಪ್ಪ ಬಿಳಿ ಪಟ್ಟಿಗಳ ಮೇಲೆ ಹೋದ ಹಾಗೆ. ಮೊದಲು ವ್ಹೀಲ್ ಬ್ಯಾಲೆನ್ಸಿಂಗ್ ಅಂದರು, ಎರಡು ಕಡೆ ಮಾಡಿಸಿದೆ, ಸಾವಿರದ ಇನ್ನೂರು. ಆಮೇಲೆ ಗಾಲಿಗಳಿಗೆ ತಿರುವು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್ ಅಂದರು, ನಾಲ್ಕು ಸಾವಿರದ ಎಂಟುನೂರು. ನಡುಕ ಹಾಗೇ ಇತ್ತು. ಕೊನೆಗೆ ಗೊತ್ತು ಹಿಡಿದದ್ದು ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆಯಿಂದ: ನಡುಗುತ್ತಿರುವಾಗಲೇ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಮುಟ್ಟಿಯೂ ಮುಟ್ಟದ ಹಾಗೆ ಒತ್ತಿದೆ. ನಡುಕ ಪಟ್ಟನೆ ನಿಂತಿತು. ಇಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ ಕನ್ವರ್ಟರ್, ಓಡುವಾಗ ಎರಡನ್ನೂ ನೇರ ಹಿಡಿದು ಕಟ್ಟುವ ಅದರೊಳಗಿನ ಕ್ಲಚ್ಚೇ ಲಾಕಪ್. ಬ್ರೇಕ್ ಸ್ವಿಚ್ ತಾಗಿದ ಕೂಡಲೇ ಆ ಲಾಕಪ್ ಬಿಡುತ್ತದೆ. ಅಂದರೆ ರೋಗ ಗಾಲಿಯಲ್ಲಿಲ್ಲ, ಶಾಫ್ಟಿನಲ್ಲೂ ಇಲ್ಲ, ಆ ಲಾಕಪ್ ನೆನೆಯುವ ಸುಟ್ಟ ಆಯಿಲಿನಲ್ಲಿ. ಆರು ಸಾವಿರ ಕಳೆದುಕೊಂಡ ಮೇಲೆ ಈ ಬುದ್ಧಿ.

ಗೇರ್ ಆಯಿಲ್ ಬದಲಿಸುತ್ತೀರಾ ಅಂತ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಕೇಳಿದೆ. "ಲೈಫ್‌ಟೈಮ್ ಆಯಿಲ್ ಐತ್ರಿ ಸರ್, ಬದ್ಲಿ ಮಾಡೋದು ಬರಂಗಿಲ್ಲ." ಯಾರ ಲೈಫು ಅಂತ ಕೇಳಿದೆ, ಹುಡುಗ ನಕ್ಕ. ಇನ್ನೊಂದು ಕಡೆ ಮಷಿನ್ ಹಚ್ಚಿ ಪೂರ್ತಿ ತೆಗೆಯುತ್ತೇವೆ, 28 ಸಾವಿರ ಅಂದರು. ಅಷ್ಟು ದುಡ್ಡಿಗೆ ನಾನು ಏಳೆಂಟು ಮೋಟರ್ ಸುತ್ತಬೇಕು.

ಆಯಿಲ್ ಎಷ್ಟಿದೆ ಅಂತ ಅದ್ದಿ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಇಲ್ಲದ ಗೇರ್‌ಬಾಕ್ಸ್ ಇದು. ಬದಿಯ ಫಿಲ್ಲರ್ ಪ್ಲಗ್‌ನಿಂದ ತುಂಬಬೇಕು, ಇಂಜಿನ್ ಚಾಲೂ ಇರುವಾಗ, ಆಯಿಲ್ 35ರಿಂದ 45 ಡಿಗ್ರಿ ನಡುವೆ ಇರುವಾಗ, ಕೆಳಗಿನ ಓವರ್‌ಫ್ಲೋ ಪ್ಲಗ್‌ನಿಂದ ಬರುವ ಧಾರೆ ನಿಂತು ತೊಟ್ಟಿಕ್ಕಲು ಶುರುವಾದಾಗ ಮುಚ್ಚಬೇಕು. ಫಿಲ್ಲರ್ ಪ್ಲಗ್ ಬಿಚ್ಚುತ್ತದೋ ಇಲ್ಲವೋ ಅಂತ ಮೊದಲೇ ನೋಡಿಕೊಂಡು ಆಮೇಲೆ ಹಳೆಯ ಆಯಿಲ್ ಇಳಿಸುವ ಡ್ರೇನ್ ಬೋಲ್ಟಿಗೆ ಕೈ ಹಾಕಿ. ನನ್ನದು ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ, ಪಾನಾ ಜಾರಿ ಗೆಣ್ಣು ಸುಲಿಯಿತು. ಅದನ್ನು ಹೇಗೆ ಬಿಡಿಸಿದೆ ಅನ್ನುವುದನ್ನು ಬರೆಯುವುದಿಲ್ಲ. ಬೇರಿಂಗ್ ಕಳಚುವ ನಮ್ಮ ಕಸುಬಿನ ಒಂದು ಉಪಾಯ, ಅದರಿಂದ ನಾಲ್ಕು ಜನರ ಹೊಟ್ಟೆ ನಡೆಯುತ್ತದೆ.

ಮೊದಲ ಸಲ ಮಾಡಿದ್ದು ಏಪ್ರಿಲ್‌ನಲ್ಲಿ, ಭಾನುವಾರ, ಊಟ ಮುಗಿಸಿ ಮೂರು ಗಂಟೆಗೆ. ತಪ್ಪು ಅಲ್ಲಿಂದಲೇ. ಅಂಗಳವೇ 38 ಡಿಗ್ರಿ ಇದ್ದರೆ 35ರಿಂದ 45ರ ಕಿಟಕಿ ಎಷ್ಟು ಹೊತ್ತು ತೆರೆದಿರಬೇಕು? ಇಂಜಿನ್ ಚಾಲೂ ಮಾಡಿ, ಗೇರ್ ಎಲ್ಲ ಒಂದು ಸುತ್ತು ಹಾಕಿ ಕೆಳಗೆ ತೂರುವಷ್ಟರಲ್ಲಿ ದಾಟಿ ಹೋಗಿತ್ತು. ನನಗದು ಗೊತ್ತೇ ಆಗಲಿಲ್ಲ, ಯಾಕೆಂದರೆ ಮೋಟರ್ ಬಾಡಿಯ ಬಿಸಿ ನೋಡುವ ಲೇಸರ್ ಗನ್ ಹಿಡಿದುಕೊಂಡಿದ್ದೆ, ಅದನ್ನು ಗೇರ್‌ಬಾಕ್ಸಿನ ಹೊಳೆಯುವ ಅಲ್ಯುಮಿನಿಯಂ ಮೈಗೆ ತೋರಿಸಿದಾಗ 42 ಅಂತಿತ್ತು. ಓವರ್‌ಫ್ಲೋ ಬಿಚ್ಚಿದೆ, ಸಣ್ಣ ಧಾರೆ ಬಂತು. ನಿಲ್ಲುತ್ತಲೇ ಇಲ್ಲ. ಕೈಗೆ ಬಿದ್ದದ್ದು ಚುರುಕ್ ಅಂದಾಗ ಅನುಮಾನ ಬಂತು. "ಬಂದ್ ಮಾಡಲೇ, ಸ್ವಲ್ಪ ಆರಲಿ!" ಅಂತ ಅಳಿಯನಿಗೆ ಕೂಗಿದೆ. ಅಕ್ಕನ ಮಗ ಅವನು, ಡಿಪ್ಲೊಮಾ ಓದುತ್ತಾನೆ, ಹೇಳಿದ್ದನ್ನು ತಕ್ಷಣ ಮಾಡುವ ಹುಡುಗ. ಚಾವಿ ತಿರುವಿದ.

ಪ್ಲಗ್ ತೆರೆದೇ ಇತ್ತು. ಇಂಜಿನ್ ನಿಂತ ಕೂಡಲೇ ಕನ್ವರ್ಟರ್, ಕೂಲರ್‌ನಲ್ಲಿದ್ದ ಆಯಿಲೆಲ್ಲ ಗೇರ್‌ಬಾಕ್ಸಿನ ತಳದ ಪ್ಯಾನಿಗೆ ಇಳಿಯಿತು, ಬೆರಳು ದಪ್ಪದ ಧಾರೆ ನನ್ನ ಮೊಣಕೈಯಿಂದ ಬಗಲಿನವರೆಗೆ. ಪ್ಲಗ್ ಎಲ್ಲಿ ಇಟ್ಟಿದ್ದೆ? ಬಾಯಲ್ಲಿ ಕಚ್ಚಿಕೊಂಡಿದ್ದೆ, ಕೂಗುವಾಗ ಉದುರಿತ್ತು. ಕತ್ತಲಲ್ಲಿ ತಡಕಾಡಿ ಹಚ್ಚುವಷ್ಟರಲ್ಲಿ ಒಂದು ಲೀಟರಿಗಿಂತ ಹೆಚ್ಚು ಹೋಗಿತ್ತು. ನೆಲದ ಮೇಲೆ ಬಿದ್ದದ್ದನ್ನು ಅಳೆಯುವುದು ಹೇಗೆ? ಅಂದಾಜಿಗೆ ಸುರಿದೆ. ಮರುದಿನ ಬೆಳಿಗ್ಗೆ ರಿವರ್ಸ್ ಹಾಕಿದರೆ ಗಾಡಿ ಎರಡು ಸೆಕೆಂಡ್ ವಿಚಾರ ಮಾಡಿ ಆಮೇಲೆ ಧಡ್ ಅಂತ ಹಿಂದೆ ಹೋಯಿತು. ಚಾಚಾನ ಗ್ಯಾರೇಜಿಗೆ ಹೋಗಲು ಮುಖವಿರಲಿಲ್ಲ. ಆಯಿಲ್ ಕಡಿಮೆ ಬಿದ್ದಿರಬೇಕು ಅಂತ ಇನ್ನೊಂದು ಲೀಟರ್ ತುಂಬಿ ಜೂನ್‌ವರೆಗೆ ಹೆದರಿ ಹೆದರಿ ಓಡಿಸಿದೆ.

ಆ ಎರಡು ತಿಂಗಳು ತಲೆಯಲ್ಲಿ ಇದೇ. ಲೆಕ್ಕ ಹಾಕಿದರೆ, ಹತ್ತು ಲೀಟರ್ ಆಯಿಲ್ ಇಪ್ಪತ್ತು ಡಿಗ್ರಿ ಹೆಚ್ಚು ಕಾದರೆ ಉಬ್ಬುವುದು ಒಂದೂವರೆ ಕಪ್ ಚಹಾದಷ್ಟು ಮಾತ್ರ. ಎಲ್ಲರೂ ಹೆದರುವುದು ಡಿಗ್ರಿಗೆ. ನನ್ನನ್ನು ಮುಳುಗಿಸಿದ್ದು ಚಾವಿ. ಬಿಸಿಗೆ ಅಳತೆ ಹಿಗ್ಗಿದರೂ ತೂಕ ಹಿಗ್ಗುವುದಿಲ್ಲವಲ್ಲ ಅಂತ ಹೊಳೆದದ್ದು ಅಂಗಡಿಯಲ್ಲಿ ಸುಟ್ಟ ವೈಂಡಿಂಗಿನ ತಾಮ್ರ ತೂಗುತ್ತಿದ್ದಾಗ. ಎಲೆಕ್ಟ್ರಾನಿಕ್ ಕಾಟಾ ಎದುರಿಗೇ ಇದೆ, ಐದು ಗ್ರಾಂ ಫರಕ್ ತೋರಿಸುತ್ತದೆ. ಇಳಿಸಿದ್ದನ್ನು ತೂಗು, ಅಷ್ಟೇ ತೂಕದ ಹೊಸದು ಹಾಕು. ಈ ಗೇರ್‌ಬಾಕ್ಸಿಗೆ ಹಾಕುವ ಡಬ್ಲ್ಯೂಎಸ್ ಆಯಿಲ್ ಲೀಟರಿಗೆ 840 ಗ್ರಾಂ ಚಿಲ್ಲರೆ ಬಂತು, ನನ್ನ ಕಾಟಾದಲ್ಲಿ. ಒಂದೇ ಷರತ್ತು: ಮೊದಲ ಒಂದು ಸಲ ಓವರ್‌ಫ್ಲೋದಿಂದ ಲೆವೆಲ್ ಸರಿಯಾಗಿ ಕೂಡಬೇಕು. ತಪ್ಪು ಲೆವೆಲ್ ಇದ್ದಾಗ ತೂಗಿದರೆ ತಪ್ಪನ್ನೇ ತೂಗಿದ ಹಾಗೆ.

ಲೆವೆಲ್ ಅಂದೆನಲ್ಲ, ನಮ್ಮ ಅಂಗಳ ಮಳೆನೀರು ಹೋಗಲಿ ಅಂತ ರಸ್ತೆ ಕಡೆ ಇಳಿಜಾರು. ಏಪ್ರಿಲ್‌ನಲ್ಲಿ ಅದನ್ನೂ ನೋಡಿರಲಿಲ್ಲ. ಈ ಸಲ ಮನೆ ಕಟ್ಟುವ ಗೌಂಡಿಯ ಹತ್ತಿರ ನೀರು ತುಂಬಿದ ಲೆವೆಲ್ ಪೈಪು ತಂದೆ. ಇಳಿಜಾರಿನ ಕಡೆಯ ಎರಡು ಗಾಲಿಗೆ ಶಹಾಬಾದ್ ಕಲ್ಲಿನ ತುಂಡು ಮೂರು ಮೂರು, ಇನ್ನೆರಡಕ್ಕೆ ಒಂದೊಂದು, ಅವುಗಳ ಮೇಲೆ ಗಾಡಿ ಹತ್ತಿಸಿ ಚಾಸಿಯ ನಾಲ್ಕು ಮೂಲೆ ನೋಡಿದರೆ ಒಂದು ಬೆರಳು ಅಗಲದೊಳಗೆ ಬಂತು. ಹ್ಯಾಂಡ್‌ಬ್ರೇಕ್ ಹಾಕಿ, ಗಾಲಿ ಉರುಳದಂತೆ ಅಡ್ಡ ಕೊಟ್ಟೆ. ಜ್ಯಾಕ್ ಬೇಕಾಗಲೇ ಇಲ್ಲ, ಈ ಗಾಡಿಯ ಕೆಳಗೆ ಹೊಟ್ಟೆ ಇರುವವನೂ ತೂರಬಹುದು.

ಗಾಡಿಯ ಕಂಪ್ಯೂಟರ್ ಓದಿ ಮೊಬೈಲಿಗೆ ತೋರಿಸುವ ಸ್ಕ್ಯಾನರ್ ಕಥೆ ಬೇರೆ. ನಾನೂರು ರೂಪಾಯಿಯದು ಆರ್‌ಪಿಎಂ ಬಿಟ್ಟು ಬೇರೆ ಏನೂ ತೋರಿಸಲಿಲ್ಲ, ಕಸ. ಸಾವಿರದ ನೂರರದ್ದು ಕೆಲಸ ಮಾಡಿತು, ಆದರೆ ಗೇರ್ ಆಯಿಲಿನ ಟೆಂಪರೇಚರ್ ಆ್ಯಪ್‌ನಲ್ಲಿ ತಾನಾಗಿ ಬರುವುದಿಲ್ಲ, ಕೋಡ್ ಸೇರಿಸಬೇಕು. ಅಳಿಯ ಎರಡು ರಾತ್ರಿ ಕೂತು ಹುಡುಕಿದ. ಸ್ಕ್ಯಾನರ್ ಚುಚ್ಚುವ ಕನೆಕ್ಟರಿಗೆ ತಂತಿ ಹಾಕಿ, ಮೀಟರಿನ ಡಿ ದೀಪ ನೋಡಿ ಆಯಿಲಿನ ಬಿಸಿ ತಿಳಿಯುವ ಪದ್ಧತಿಯೂ ಇದೆ. ದಿನಾ ತಂತಿ ಸುತ್ತುವವನಾದರೂ ಗಾಡಿಯ ಕಂಪ್ಯೂಟರಿಗೆ ತಂತಿ ಚುಚ್ಚುವ ಧೈರ್ಯ ನನಗಾಗಲಿಲ್ಲ.

ತುಂಬಲು ಪಂಪು ಅಂತ ಸಾವಿರಾರು ಕೊಡಬೇಡಿ. ಗಿಡಕ್ಕೆ ಔಷಧ ಹೊಡೆಯುವ ಎರಡು ಲೀಟರಿನ ಕೈಪಂಪು, ನಾನು ತಂದಾಗ ಗೊಬ್ಬರದಂಗಡಿಯಲ್ಲಿ 350 ಇತ್ತು. ಹೊಸದೇ ಇರಲಿ, ಔಷಧ ಕಂಡಿದ್ದು ಬೇಡ. ಮೂತಿ ಕಿತ್ತು ಪಾರದರ್ಶಕ ಟ್ಯೂಬ್ ಹಾಕಬೇಕು. ಮೊದಲ ಸಲ ಒತ್ತಡಕ್ಕೆ ಟ್ಯೂಬ್ ಹಾರಿ ಸೈಲೆನ್ಸರ್ ಮೇಲೆ ಅರ್ಧ ಲೋಟ ಚೆಲ್ಲಿತು. ಆಮೇಲೆ ಅದು ಹಾರದಂತೆ ಒಂದು ವ್ಯವಸ್ಥೆ ಮಾಡಿದ್ದೇನೆ, ಮನೆಗೆ ಬಂದರೆ ತೋರಿಸುತ್ತೇನೆ.

ಜೂನ್ ಕೊನೆಗೆ ಮಳೆ ಹಿಡಿದ ಮೇಲೆ, ಬೆಳಿಗ್ಗೆ ಆರೂವರೆಗೆ ಶುರು. ಆಯಿಲ್ 24 ಡಿಗ್ರಿ. ಇಳಿಸಿದ್ದು 2 ಕಿಲೋ 710 ಗ್ರಾಂ, ಹಾಕಿದ್ದು ಅಷ್ಟೇ, ಮೇಲೆ ಮುನ್ನೂರು ಗ್ರಾಂ ಧಾರಾಳ. ಇಂಜಿನ್ ಚಾಲೂ. ಅಳಿಯ ಒಳಗೆ ಮೊಬೈಲ್ ಹಿಡಿದು ಹರಾಜು ಕೂಗಿದ ಹಾಗೆ ಕೂಗುತ್ತಿದ್ದ. "ಮಾಮಾ, ಮೂವತ್ತೊಂದು... ಮೂವತ್ತೈದು!" ಅಲ್ಲಿಗೆ ಆರೇಳು ನಿಮಿಷ. 38ಕ್ಕೆ ಓವರ್‌ಫ್ಲೋ ಬಿಚ್ಚಿದೆ. ಧಾರೆ ಬಂತು, ಸಣ್ಣದಾಯಿತು, ಮುರಿಯಿತು, ತೊಟ್ಟು ತೊಟ್ಟಾಯಿತು. 41. ಮುಚ್ಚಿದೆ. ಈ ಸಲ ಪ್ಲಗ್ ಅಂಗಿಯ ಜೇಬಿನಲ್ಲಿತ್ತು, ಚಾವಿಯ ಹತ್ತಿರ ಅಳಿಯನ ಕೈ ಹೋಗದಿರಲಿ ಅಂತ ಅದರ ಮೇಲೆ ಟವೆಲ್ ಹಾಕಿದ್ದೆ.

ಅಲ್ಲಿಂದ ಒಂದೂವರೆ ಎರಡು ಸಾವಿರ ಕಿಲೋಮೀಟರಿಗೊಮ್ಮೆ ಇನ್ನೆರಡು ಸಲ. ಏಪ್ರಿಲ್‌ನದ್ದೂ ಸೇರಿ ನಾಲ್ಕು. ಒಂದು ಸಲಕ್ಕೆ ಮೂರು ಲೀಟರ್ ಚಿಲ್ಲರೆ ಮಾತ್ರ ಇಳಿಯುವುದರಿಂದ ಲೆಕ್ಕದ ಪ್ರಕಾರ ಐದರಲ್ಲಿ ಒಂದು ಪಾಲು ಹಳೆಯದು ಇನ್ನೂ ಒಳಗಿದೆ. ಇರಲಿ. ಮೂರನೇ ಸಲ ಪ್ಯಾನೂ ಇಳಿಸಿದೆ, ಆಯಿಲ್ ಸೋಸುವ ಸ್ಟ್ರೇನರ್ ತೊಳೆದೆ. ಆಯಸ್ಕಾಂತದ ಬಿಲ್ಲೆಗಳ ಮೇಲೆ ವಿಭೂತಿ ಕಲಸಿದಂಥ ಬೂದು ಕೆಸರು, ಬೆರಳಲ್ಲಿ ತಿಕ್ಕಿದರೆ ನುಣ್ಣಗೆ, ಒಂದೂ ಲೋಹದ ಚೂರು ಚುಚ್ಚಲಿಲ್ಲ. ಅದನ್ನು ನೋಡಿ ಆ ರಾತ್ರಿ ನಿದ್ದೆ ಬಂತು.

ಲೇಸರ್ ಗನ್ ಮೇಲೆ ಸಿಟ್ಟಿತ್ತು, ಅದನ್ನೂ ಪರೀಕ್ಷೆ ಮಾಡಿದೆ. ಹೊಳೆಯುವ ಜಾಗದ ಪಕ್ಕದಲ್ಲೇ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಎರಡನ್ನೂ ನೋಡಿದರೆ, ಸ್ಕ್ಯಾನರ್ 56 ಅಂದಾಗ ಟೇಪಿನ ಮೇಲೆ 52, ಬರೀ ಲೋಹದ ಮೇಲೆ 39! ಸುತ್ತಲಿಗಿಂತ ಬಿಸಿಯಾದ ಹೊಳೆಯುವ ಲೋಹಕ್ಕೆ ಈ ಗನ್ ಕಡಿಮೆ ಹೇಳುತ್ತದೆ. ಇಷ್ಟು ವರ್ಷ ಗಿರಾಕಿಗಳ ಮೋಟರಿಗೆ ಏನೇನು ರೀಡಿಂಗ್ ಹೇಳಿದ್ದೇನೋ. ಇನ್ನೊಂದು ಆಟ: ಪ್ರತಿ ಸಲದ ಆಯಿಲಿನ ಒಂದು ಹನಿಯನ್ನು ಹಳೆಯ ಲಗ್ನಪತ್ರಿಕೆಯ ಹಿಂದೆ ಬಿಟ್ಟು ತಾರೀಕು ಬರೆದೆ. ಮೊದಲನೆಯದು ಕಾಫಿ ಡಿಕಾಕ್ಷನ್, ನಾಲ್ಕನೆಯದು ಕೋಕಂ ಶರಬತ್ತು. ಹೆಂಡತಿ ಆ ಪತ್ರಿಕೆ ನಮ್ಮ ಮದುವೆಯದು ಅಂತ ಆಮೇಲೆ ಹೇಳಿದಳು.

ನಡುಕ ಎರಡನೇ ಸಲಕ್ಕೆ ಅರ್ಧವಾಯಿತು, ಮೂರನೆಯದಕ್ಕೆ ಹೋಯಿತು. ಅಂಕೋಲಾಕ್ಕೆ ಹೋಗಿ ಬರುವಾಗ ಅರಬೈಲ್ ಘಟ್ಟ ಹತ್ತುವಾಗಿನ ಗೇರ್ ಆಯಿಲಿನ ಟೆಂಪರೇಚರ್ ಮೊದಲು 104 ಕಂಡಿದ್ದೆ, ಈಗ 97. ಅದು ಹೊಸ ಆಯಿಲಿನಿಂದಲೋ, ಅವತ್ತು ಘಟ್ಟದಲ್ಲಿ ಸುರಿಯುತ್ತಿದ್ದ ಮಳೆಯಿಂದಲೋ, ಹೊರೆ ಕಡಿಮೆ ಇದ್ದದ್ದರಿಂದಲೋ, ಜಂಬ ಕೊಚ್ಚಿಕೊಳ್ಳಲು ಮನಸ್ಸು ಬರುತ್ತಿಲ್ಲ.

ಖರ್ಚು: ಲೀಟರಿಗೆ ಒಂಬೈನೂರರಂತೆ ಹದಿನೈದು ಕ್ಯಾನು, ಸ್ಕ್ಯಾನರ್ ಎರಡು, ಕೈಪಂಪು, ಗ್ಯಾಸ್ಕೆಟ್, ಎಲ್ಲ ಸೇರಿ ಹದಿನೇಳು ಸಾವಿರದೊಳಗೆ. 28 ಸಾವಿರದಲ್ಲಿ ಹನ್ನೊಂದು ಉಳಿಸಿದೆ ಅಂದೆ. ಹೆಂಡತಿ ಬ್ಯಾಲೆನ್ಸಿಂಗ್, ಕ್ರಾಸ್ ಸೇರಿಸಿ ಐದಕ್ಕೆ ಇಳಿಸಿದಳು. ಹಳೆಯ ಆಯಿಲ್ ಗಟಾರಕ್ಕೆ ಹೋಗಿಲ್ಲ, ಸೆಂಟ್ರಿಂಗ್ ಹಲಗೆಗೆ ಬಳಿಯಲು ಅಂತ ಅದೇ ಗೌಂಡಿ ಕ್ಯಾನ್ ಸಮೇತ ಒಯ್ದ.

ಚಾಚಾ ಗಾಡಿ ಓಡಿಸಿ ನೋಡಿದರು. ಗೋಕುಲ ರೋಡಿನಲ್ಲಿ ಒಂದು ಸುತ್ತು, ಮಾತಿಲ್ಲ. ಇಳಿಯುವಾಗ "ತೂಕಾ ಮಾಡಿ ಹಾಕಿದಿ? ಆಯಿಲ್ ಏನು ಬೆಲ್ಲ ಐತಿ?" ಅಂತ ನಕ್ಕು ಹೋದರು. ಮೊನ್ನೆ ಫೋನ್ ಬಂತು. ಯಾರದೋ ಆಟೋಮ್ಯಾಟಿಕ್ ಗಾಡಿ ಬಂದಿದೆಯಂತೆ, "ತಮ್ಮಾ, ಆ ಕಾಟಾ ಒಂದ್ ದಿನದ ಮಟ್ಟಿಗೆ ಕೊಡ್ತಿ ಏನು?" ಕೊಟ್ಟೆ. ಇವತ್ತಿಗೆ ಎಂಟು ದಿನ. ತಾಮ್ರ ತೂಗಲು ಪಕ್ಕದ ಗುಜರಿ ಅಂಗಡಿಗೆ ಓಡಾಡುತ್ತಿದ್ದೇನೆ.