ಅಂಟಿಸುವುದಕ್ಕಿಂತ ಕೆರೆಯುವುದೇ ಜಾಸ್ತಿ

ನಗರದ ಚಿತ್ರ ಮಾಡುವಾಗ ನಾನು ಮೊದಲು ಸ್ಕೇಲು ಹಿಡಿಯುವುದಿಲ್ಲ, ಹಳೇ ಕಾಗದ ಹುಡುಕುತ್ತೇನೆ. ಪೋಸ್ಟರ್ ಮೇಲೆ ಪೋಸ್ಟರ್ ಬಿದ್ದು, ಮಳೆಗೆ ನೆನೆದು, ಯಾರೋ ಅರ್ಧ ಕಿತ್ತು ಹೋದ ಗೋಡೆ ಇರುತ್ತದಲ್ವಾ, ಅದೇ ಮುಕ್ಕಾಲು ಚಿತ್ರ. ಪ್ಯಾರಿಸ್‌ನಲ್ಲಿ ರೇಮಂಡ್ ಹೇನ್ಸ್ ಮತ್ತು ಜಾಕ್ ವಿಲ್‌ಗ್ಲೆ ಎಂಬ ಕಲಾವಿದರು 1949ರಲ್ಲೇ ಇಂಥ ಹರಿದ ಪೋಸ್ಟರ್‌ಗಳನ್ನು ಗೋಡೆಯಿಂದ ಕಿತ್ತು ತರಲು ಶುರುಮಾಡಿದ್ದರು. ಆಮೇಲೆ ಅವನ್ನೇ ಕಲಾಕೃತಿ ಎಂದು ಪ್ರದರ್ಶಿಸಿದರು. ನನಗೆ ಅಷ್ಟು ಸಾಲದು, ಕಟ್ಟಡವೂ ಕಾಣಬೇಕು.

ಕ್ಯಾನ್ವಾಸ್ ಬಿಟ್ಟು ಪ್ಲೈವುಡ್ ಹಲಗೆ ಬಳಸುತ್ತೇನೆ. ಕೊನೆಗೆ ಉಜ್ಜುವ ಕೆಲಸ ಇರುವುದರಿಂದ ಕೆಳಗೆ ಗಟ್ಟಿಯಾಗಿರಬೇಕು. ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಲೇಪವಾದ ಗೆಸ್ಸೋವನ್ನು ಹಿಂಬದಿಗೂ ಬಳಿಯುತ್ತೇನೆ, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಅದರ ಮೇಲೆ ಟಿಕೆಟ್, ನಕ್ಷೆಯ ತುಂಡು, ಪತ್ರಿಕೆ. ರಟ್ಟಿನ ಡಬ್ಬದ ಮೇಲಿನ ಕಾಗದ ಸುಲಿದರೆ ಒಳಗಿನ ಗೀರುಗಳು ಥೇಟ್ ಅಂಗಡಿಯ ಶಟರ್!

ಕಟ್ಟಡದ ಫೋಟೋವನ್ನು ನೇರವಾಗಿ ಅಂಟಿಸುವುದಿಲ್ಲ, ಅದರ ಶಾಯಿ ಮಾತ್ರ ಹಲಗೆಗೆ ಇಳಿಯಬೇಕು. ಇದಕ್ಕೆ ಲೇಸರ್ ಪ್ರಿಂಟೇ ಬೇಕು. ಇಂಕ್‌ಜೆಟ್ ಶಾಯಿ ಸಾಮಾನ್ಯವಾಗಿ ನೀರಿಗೆ ಕಲಸಿಹೋಗುತ್ತದೆ. ಬೋರ್ಡಿನ ಅಕ್ಷರಗಳಿದ್ದರೆ ಪ್ರಿಂಟ್ ತೆಗೆಯುವ ಮೊದಲೇ ಚಿತ್ರವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಬೇಕು. ಹಲಗೆಗೆ ಅಕ್ರಿಲಿಕ್ ಜೆಲ್ ಎಂಬ ಅಂಟಿನಂಥ ಲೇಪ ಬಳಿದು, ಪ್ರಿಂಟನ್ನು ಮುಖ ಕೆಳಗೆ ಮಾಡಿ ಒತ್ತಿ, ರಾತ್ರಿಯಿಡೀ ಒಣಗಲು ಬಿಡುತ್ತೇನೆ. ಬೆಳಿಗ್ಗೆ ಸ್ಪಂಜಿನಿಂದ ಒದ್ದೆ ಮಾಡಿ ಬೆರಳ ತುದಿಯಿಂದ ತಿಕ್ಕಿದರೆ ಕಾಗದ ಸುರುಳಿ ಸುರುಳಿಯಾಗಿ ಬರುತ್ತದೆ, ಚಿತ್ರ ಜೆಲ್‌ನಲ್ಲೇ ಉಳಿಯುತ್ತದೆ. ಒಣಗಿದ ಮೇಲೆ ಬಿಳಿ ಮಸುಕು ಕಂಡರೆ ನಾರು ಉಳಿದಿದೆ ಎಂದರ್ಥ, ಮತ್ತೆ ತಿಕ್ಕಬೇಕು. ಕೆಲವು ಕಡೆ ಚಿತ್ರವೇ ಎದ್ದುಬರುತ್ತದೆ. ಅದಕ್ಕೆ ತೇಪೆ ಹಾಕಬೇಡಿ. ಗಾರೆ ಉದುರಿದ ಗೋಡೆಯನ್ನು ಬ್ರಷ್‌ನಲ್ಲಿ ಇಷ್ಟು ಚೆನ್ನಾಗಿ ತರಲು ಆಗುವುದಿಲ್ಲ.

ಆಮೇಲೆ ತೆಳು ಬಣ್ಣ, ನಂತರ ಮರಳು ಕಾಗದ. ಒರಟಾದ 120 ನಂಬರಿನ ಕಾಗದದಲ್ಲಿ ಶುರುಮಾಡಿ ನುಣುಪಾದ 220ಕ್ಕೆ ಬರುತ್ತೇನೆ, ಮಾಸ್ಕ್ ಹಾಕಿಕೊಂಡು. ಕೆಳಗಿನ ಪದರದಿಂದ ಒಂದು ಅಕ್ಷರ, ಅರ್ಧ ಮುಖ ಇಣುಕುತ್ತದೆ. ಎಷ್ಟು ಕಟ್ಟಡ ಕೆಡವಿ ಎಷ್ಟು ಕಟ್ಟಿದರು ಎಂಬುದು ಇಲ್ಲಿ ತಾನಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಖುಷಿ ಕೊಡುವುದು ಇದೊಂದೇ ಹಂತ.

ಕಿಟಕಿಗಳನ್ನೆಲ್ಲ ಬಿಡಿಸಬೇಡಿ. ನಾಲ್ಕು ಸಾಕು, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಜನರನ್ನು ಹಾಕುವಾಗ ಒಂದು ಉಪಾಯ: ಸಮತಟ್ಟು ಬೀದಿಯಲ್ಲಿ ನಿಂತು ನೋಡಿದಂತಿದ್ದರೆ, ಹತ್ತಿರದವರ ತಲೆಯೂ ದೂರದವರ ತಲೆಯೂ ಹೆಚ್ಚುಕಡಿಮೆ ನಿಮ್ಮ ಕಣ್ಣಿನ ಮಟ್ಟದ ಗೆರೆಯಲ್ಲೇ ಇರುತ್ತವೆ. ಕಾಲು ಮಾತ್ರ ಮೇಲೆ ಕೆಳಗೆ.

ವಿದ್ಯುತ್ ತಂತಿಗಳನ್ನು ಕೊನೆಗೆ ಇದ್ದಿಲಲ್ಲಿ ಎಳೆಯುತ್ತೇನೆ. ಅದರ ಮೇಲೆ ಮೊದಲು ಇದ್ದಿಲ ಪುಡಿಯನ್ನು ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ, ಅದು ಒಣಗಿದ ಮೇಲಷ್ಟೇ ವಾರ್ನಿಷ್. ಇಲ್ಲದಿದ್ದರೆ ಬ್ರಷ್ ತಾಗಿದ ಕೂಡಲೇ ತಂತಿಯೆಲ್ಲ ಹೊಗೆಯಾಗುತ್ತದೆ.